ಕೊಕ್ಕೆಗೆ ಸಿಕ್ಕದ ಹುಳುಕು

ಮಿಷನ್ ಮಾರಲು ಬಂದಿದ್ದವನು ತನ್ನ ಸರಕಿನ ಒಂದು ಕುಂದನ್ನು ತಾನಾಗಿಯೇ ಒಪ್ಪಿಕೊಂಡ. ದಂತವೈದ್ಯೆ ಅದನ್ನು ಕೊಂಡದ್ದು ಆ ಕುಂದಿಗಾಗಿಯೇ.

ಮೊದಲು ಅವನು ಗುಣಗಳನ್ನೆಲ್ಲ ಹೇಳಿದ್ದ. ಒಂದು ಸಣ್ಣ ಪೆಟ್ಟಿಗೆ, ಒಂದು ಕೊಳವೆ, ಕೊಳವೆಯ ತುದಿಗೆ ಸೂಜಿಯಂಥ ಮೂತಿ. ಪೆಡಲ್ ಒತ್ತಿದರೆ ಗಾಳಿಯ ಜೊತೆ ಅಲ್ಯುಮಿನಾ ಪುಡಿ ನುಗ್ಗಿ ಬರುತ್ತದೆ. ಅದರ ಒಂದೊಂದು ಕಣವೂ ಕೂದಲಿನೆಳೆಗಿಂತ ಸಣ್ಣದು, ಆದರೆ ಹಲ್ಲಿನ ಮೇಲಿನ ಎನಾಮೆಲ್‌ಗಿಂತ ಗಟ್ಟಿ. ಡ್ರಿಲ್ಲಿನ ಕಿರುಚಾಟವಿಲ್ಲ, ನಡುಕವಿಲ್ಲ, ಬಿಸಿಯಿಲ್ಲ. ಎಷ್ಟೋ ಜನಕ್ಕೆ ಇಂಜೆಕ್ಷನ್ ಕೂಡ ಬೇಡ. ಅವನು ಒಂದು ಗಾಜಿನ ಚೂರಿನ ಮೇಲೆ ಗಾಳಿ ಬಿಟ್ಟು ತೋರಿಸಿದ. ಗಾಜು ನೋಡನೋಡುತ್ತಿದ್ದಂತೆ ಮಂಜು ಕವಿದ ಹಾಗೆ ಬಿಳಿಚಿಕೊಂಡಿತು. ಆಮೇಲೆ ಕೈಗವಸಿನ ರಬ್ಬರಿನ ಮೇಲೆ ಬಿಟ್ಟ. ರಬ್ಬರಿಗೆ ಏನೂ ಆಗಲಿಲ್ಲ.

“ನೋಡಿ ಮೇಡಂ, ಗಟ್ಟಿ ಇರೋದನ್ನ ಕಡಿಯುತ್ತೆ, ಮೆತ್ತಗಿರೋದಕ್ಕೆ ತಾಗಿದ್ರೆ ಪುಟಿದು ವಾಪಸ್ ಬರುತ್ತೆ. ಒಸಡಿಗೆ ಏಟು ಬೀಳಲ್ಲ,” ಎಂದ. ಆಮೇಲೆ ಕೊಳವೆಯನ್ನು ಸುತ್ತಿಡುತ್ತ ಕೊಂಚ ಅಳುಕಿದ. “ಒಂದೇ ಒಂದು ತೊಂದರೆ. ಮುಚ್ಚಿಟ್ಟು ಮಾರಬಾರದು. ಡ್ರಿಲ್ ಹಿಡಿದಾಗ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅಂತ ಹಲ್ಲೇ ನಿಮ್ಮ ಕೈಗೆ ಹೇಳ್ತಾ ಇರುತ್ತೆ. ಇದರಲ್ಲಿ ಅದಿಲ್ಲ. ಮೂತಿ ಹಲ್ಲಿಗೆ ತಾಗೋದೇ ಇಲ್ವಲ್ಲ. ಎಲ್ಲಾ ಕಣ್ಣಲ್ಲೇ ಮಾಡಬೇಕು. ಹಳೇ ಡಾಕ್ಟ್ರುಗಳು ಇದಕ್ಕೇ ಮೂಗು ಮುರಿಯೋದು.”

“ಯಾರ ಕೈಗೂ ಗೊತ್ತಾಗಲ್ವಾ?”

“ಯಾರ ಕೈಗೂ ಇಲ್ಲ ಮೇಡಂ.”

“ಸರಿ, ಇಟ್ಟು ಹೋಗಿ,” ಎಂದಳು ದಂತವೈದ್ಯೆ.

ಕಾಯಿಲೆಯಿಂದ ಎದ್ದ ಮೇಲೆ ಅವಳಿಗೆ ಎಲ್ಲವೂ ಒಂದೊಂದಾಗಿ ವಾಪಸ್ಸು ಬಂದಿದ್ದವು. ಮೊದಲು ಹಸಿವು, ಆಮೇಲೆ ಹುಬ್ಬು, ಆಮೇಲೆ ತಲೆಗೂದಲು, ಅದೂ ಹಿಂದಿಗಿಂತ ಗುಂಗುರಾಗಿ. ಬೆರಳ ತುದಿಗಳು ಮಾತ್ರ ಬರಲಿಲ್ಲ. ಹೊಟ್ಟೆಯ ಗಡ್ಡೆಯನ್ನು ಕರಗಿಸಿದ ಔಷಧಿಯೇ ನರಗಳ ತುದಿಯನ್ನೂ ಸುಟ್ಟು ಹಾಕಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರೂ ದಪ್ಪ ಉಣ್ಣೆಯಲ್ಲಿ ಸುತ್ತಿಟ್ಟ ಹಾಗೆ ಇದ್ದವು. ಕ್ಯಾನ್ಸರ್ ಡಾಕ್ಟರು “ಬೆರಳಲ್ಲಿ ಜೋಮು ಇದೆಯಾ?” ಎಂದು ಕೇಳಿದಾಗ “ಇದೆ, ಸ್ವಲ್ಪ,” ಎಂದಿದ್ದಳು. ಕೆಲವರಿಗೆ ಒಂದೆರಡು ವರ್ಷದಲ್ಲಿ ಹೋಗುತ್ತೆ, ಕೆಲವರಿಗೆ ಹೋಗಲ್ಲ, ಎಂದರು ಅವರು. ಅವಳ ಕೆಲಸ ಏನೆಂಬುದು ಅವರಿಗೆ ಆ ಹೊತ್ತಿಗೆ ಮರೆತಿತ್ತು. ಅವಳೂ ನೆನಪಿಸಲಿಲ್ಲ.

ಹಲ್ಲಿನ ಡಾಕ್ಟರರ ತಟ್ಟೆಯಲ್ಲಿ ಪ್ರೋಬ್ ಎಂಬ ಒಂದು ಉಕ್ಕಿನ ಕೊಕ್ಕೆ ಇರುತ್ತದೆ. ಗಟ್ಟಿ ಹಲ್ಲಿನ ಮೇಲೆ ಎಳೆದರೆ ಅದು ಗಾಜಿನ ಮೇಲೆ ಉಗುರು ಹೋದ ಹಾಗೆ ಜಾರಿ ಹೋಗುತ್ತದೆ. ಹುಳುಕಿದ ಜಾಗದಲ್ಲಿ ಒದ್ದೆ ರಟ್ಟಿಗೆ ಚುಚ್ಚಿದ ಹಾಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಒಂದಿಷ್ಟು ತಡೆದು, ಆಮೇಲೆ ಬಿಡುತ್ತದೆ. ಆ ತಡೆ ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಬರುವಂಥದ್ದು. ಕಾಲೇಜಿನಲ್ಲಿ ಅವಳ ಪ್ರೊಫೆಸರು ಕಣ್ಣು ಕಟ್ಟಿ ಇದನ್ನು ಕಲಿಸಿದ್ದರು. ಇಡೀ ತರಗತಿಯಲ್ಲಿ ಒಂದು ಸಲವೂ ತಪ್ಪದವಳು ಅವಳೊಬ್ಬಳೇ. ಊರವರು ಅದನ್ನು ಕೈಗುಣ ಎನ್ನುತ್ತಿದ್ದರು. ಕೈಗುಣ ಎಂಬ ಮಾತನ್ನು ಅವಳು ನಂಬಿದವಳಲ್ಲ. ಅದು ಚರ್ಮದಡಿಯ ನರಗಳ ಲೆಕ್ಕಾಚಾರ, ದೇವರು ಕೊಟ್ಟದ್ದೇನಲ್ಲ ಎಂದು ನಗುತ್ತಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ ಮಾತ್ರ, ವಾಪಸ್ಸು ಹೋಗಿ ಆ ಕುರ್ಚಿಯ ಪಕ್ಕ ಕೂತುಕೊಳ್ಳುವುದೊಂದನ್ನೇ ಯೋಚಿಸಿ ಅವಳು ಜೀವ ಹಿಡಿದುಕೊಂಡಿದ್ದಳು. ಮದುವೆಯಾಗಿರಲಿಲ್ಲ. ಬೇರೆ ಹುಚ್ಚುಗಳೂ ಇರಲಿಲ್ಲ.

ವಾಪಸ್ಸು ಬಂದ ಮೊದಲ ದಿನ ಪ್ರೋಬ್ ಹಿಡಿದು ಒಂದು ದವಡೆ ಹಲ್ಲಿನ ಮೇಲೆ ಎಳೆದಳು. ಏನೂ ಬರಲಿಲ್ಲ. ಹಲ್ಲು ಮೂಕವಾಗಿತ್ತು. ಇನ್ನೊಂದು ಹಲ್ಲಿನ ಮೇಲೆ ಎಳೆದಳು, ಅದೂ ಮೂಕ. ಡ್ರಿಲ್ ಹಿಡಿದರೆ ಅದರ ನಡುಕ ಮಣಿಕಟ್ಟಿಗೆ ಮಾತ್ರ ಗೊತ್ತಾಗುತ್ತಿತ್ತು. ಹೀಗಿರುವಾಗ ಯಾರ ಕೈಗೂ ಏನೂ ಗೊತ್ತಾಗದ ಮಿಷನ್ನು ಬಾಗಿಲಿಗೆ ಬಂದಿತ್ತು. ಅದರ ಮುಂದೆ ಎಲ್ಲರ ಕೈಯೂ ತನ್ನ ಕೈಯ ಹಾಗೆಯೇ ಎಂದುಕೊಂಡಳು.

ಕೆಲವೇ ತಿಂಗಳಲ್ಲಿ ಅವಳಿಗೆ ‘ಗಾಳಿ ಡಾಕ್ಟ್ರು’ ಎಂಬ ಹೆಸರು ಬಿತ್ತು. ಡ್ರಿಲ್ಲಿನ ಸದ್ದಿಗೆ ಹೆದರಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ನರಳಿದವರೆಲ್ಲ ಹುಡುಕಿಕೊಂಡು ಬಂದರು. ಅವಳ ಸಹಾಯಕಿಯನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ರೋಗಿಗಳ ದಿಗಿಲು ಇಳಿಸಲು ಬಾಯಿ ಬಿಡುವುದು ಅವಳ ಕೆಲಸದ ಅರ್ಧ ಭಾಗವಾಗಿತ್ತು. ಮಿಕ್ಕರ್ಧ, ಸಕ್ಷನ್ ಕೊಳವೆ ಹಿಡಿದು ಪುಡಿಯನ್ನೂ ಉಗುಳನ್ನೂ ಎಳೆಯುವುದು.

“ಬಾಯಿ ತೆಗೀರಿ ಅಣ್ಣ. ಅಷ್ಟೇನಾ? ಹೆಂಡ್ತಿ ಮೇಲೆ ಕೂಗಾಡುವಾಗ ತೆಗಿಯೋ ಅಷ್ಟು ತೆಗೀರಿ, ಸಾಕು. ಹ್ಞಾ, ನೋಡಿದ್ರಾ! ಬಸ್ಸೇ ಒಳಗೆ ಹೋಗುತ್ತೆ.”

ಹೀಗೆ ಅನ್ನಿಸಿಕೊಂಡವನು ನಿಜಕ್ಕೂ ಒಬ್ಬ ಬಸ್ ಡ್ರೈವರ್ ಆಗಿದ್ದ. ದೊಡ್ಡ ಮೈ, ದೊಡ್ಡ ನಗು, ಇಂಜೆಕ್ಷನ್ ಕಂಡರೆ ಮಾತ್ರ ಎಳೆಮಗು. ಕೆಳದವಡೆಯ ಕೊನೆಯ ಹಲ್ಲು ಹುಳುಕಿತ್ತು. ಅವಳು ಕನ್ನಡಕ ಹಾಕಿಕೊಂಡು ಪೆಡಲ್ ಒತ್ತಿದಳು. ಪುಡಿ ಬೀಸಿ ಬೀಸಿ, ಬಾಯೊಳಗೆ ಹಿಡಿದ ಕನ್ನಡಿಯೂ ಮಂಜಾಗುತ್ತಿತ್ತು. ಇಂಥ ಕನ್ನಡಿಗಳನ್ನು ಅವಳು ತಿಂಗಳಿಗೊಂದು ಎಸೆಯಬೇಕಾಗುತ್ತಿತ್ತು. ಗಾಳಿ ನಿಂತಾಗ ಗುಳಿಯ ಗೋಡೆಗಳೆಲ್ಲ ಒಂದೇ ಸಮ ಬೆಳ್ಳಗೆ ಕಂಡವು.

ಇಲ್ಲಿಯೇ ಆ ಮಿಷನ್ನಿನ ನಿಜವಾದ ತೊಡಕು ಇದ್ದದ್ದು, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಾಳಿಯಲ್ಲಿ ಹಾರುವ ಕಣ ಗಟ್ಟಿಯಾದದ್ದಕ್ಕೆ ಬಡಿದರೆ ಅದನ್ನು ಚಕ್ಕೆ ಏಳಿಸುತ್ತದೆ, ಮೆತ್ತಗಿರುವುದಕ್ಕೆ ಬಡಿದರೆ ಅದರ ಕಸುವು ಅಲ್ಲೇ ಅಡಗಿಹೋಗುತ್ತದೆ. ಎಂದರೆ ಒಳ್ಳೆಯ ಎನಾಮೆಲ್ ಬೇಗ ಹೋಗುತ್ತದೆ, ತೊಗಲಿನ ಹಾಗೆ ಮೆತ್ತಗಾದ ಹುಳುಕು ಅಲ್ಲೇ ಉಳಿಯುತ್ತದೆ. ಕಳ್ಳನನ್ನು ಬಿಟ್ಟು ಮನೆಯವರನ್ನು ಹಿಡಿದುಕೊಂಡು ಹೋಗುವ ಪೊಲೀಸನ ಹಾಗೆ. ಅದಕ್ಕಾಗಿಯೇ ಗಾಳಿ ನಿಲ್ಲಿಸಿದ ಮೇಲೆ ಕೊಕ್ಕೆಯಿಂದ ತಡಕಬೇಕು, ಕಚ್ಚಿಕೊಂಡ ಕಡೆ ಕೈಯಿಂದಲೇ ಕೆರೆದು ತೆಗೆಯಬೇಕು. ಹುಳುಕಿಗೆ ಹತ್ತುವ ಕೆಂಪು ಬಣ್ಣವೊಂದಿದೆ, ಅದನ್ನೂ ಅವಳು ಹಚ್ಚಿ ನೋಡುತ್ತಿದ್ದಳು. ಅದು ಎಷ್ಟೋ ಸಲ ಒಳ್ಳೆಯದಕ್ಕೂ ಹತ್ತುತ್ತಿತ್ತು, ಆಳದ ಮೂಲೆಯಲ್ಲಿ ಹತ್ತಿದ್ದು ಕಾಣುತ್ತಲೂ ಇರಲಿಲ್ಲ. ಕೊನೆಯ ಮಾತು ಕೊಕ್ಕೆಯದೇ.

ಅವಳು ಪ್ರೋಬ್ ತೆಗೆದುಕೊಂಡು ಡ್ರೈವರನ ಹಲ್ಲಿನ ಗುಳಿಯೊಳಗೆ ಆಡಿಸಿದಳು. ಈ ಮೂಲೆ, ಆ ಮೂಲೆ, ತಳ. ತಲೆ ಓರೆ ಮಾಡಿ, ಕೇಳಿಸಿಕೊಳ್ಳುವವಳ ಹಾಗೆ. ಬೆರಳಿಗೆ ಏನೂ ಬರುತ್ತಿರಲಿಲ್ಲ. ರೇಡಿಯೋ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ಅವಳು ನೋಡಲಿ ಎಂದೇ ಆಡಿಸಿದ್ದು.

“ಗಟ್ಟಿ ಇದೆ. ಕಲಸು,” ಎಂದಳು ದಂತವೈದ್ಯೆ.

ಆ ಎರಡು ಮಾತುಗಳನ್ನು ಅವಳು ದಿನವೂ ಹೇಳುತ್ತಿದ್ದಳು. ರೇಡಿಯೋ ದಿನವೂ ಹಲ್ಲು ತುಂಬುವ ಔಷಧಿ ಕಲಸುತ್ತಿದ್ದಳು.

ಡ್ರೈವರ್ ಅರ್ಧ ವರ್ಷದ ಮೇಲೆ ಮತ್ತೆ ಬಂದ. ಕೆನ್ನೆ ಬಾತು ಕಣ್ಣಿನವರೆಗೆ ಏರಿತ್ತು. ದವಡೆ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹಾಗಿದ್ದೂ ಹಲ್ಲು ಕಚ್ಚಿಕೊಂಡೇ, “ಹಲ್ಲಿದ್ದಾಗ ಕಡಲೆ ಇರಲಿಲ್ಲ ಡಾಕ್ಟ್ರೇ, ಈಗ ಮನೆ ತುಂಬ ಕಡಲೆ ಇದೆ, ಬಾಯೇ ತೆಗಿಯೋಕೆ ಆಗ್ತಿಲ್ಲ,” ಎಂದ. ಅವನ ಹೆಂಡತಿ ಅವನ ತೋಳಿಗೆ ಒಂದು ಏಟು ಕೊಟ್ಟು, “ಸಾಯೋ ಹೊತ್ತಲ್ಲೂ ಇವರಿಗೆ ತಮಾಷೆ. ರಾತ್ರಿಯಿಂದ ನೀರು ಕೂಡ ಇಳಿದಿಲ್ಲ ಮೇಡಂ,” ಎಂದಳು. ದಂತವೈದ್ಯೆ ಅವನ ದವಡೆಯಡಿ ಅಂಗೈ ಇಟ್ಟು ನೋಡಿದಳು. ಅಂಗೈಗೆ ಇನ್ನೂ ಜೀವವಿತ್ತು. ಗಂಟಲಿನ ಮೇಲ್ಭಾಗ ಹಲಗೆಯ ಹಾಗೆ ಬಿಗಿದಿತ್ತು. ಎಕ್ಸ್‌ರೇಯಲ್ಲಿ, ಅವಳೇ ತುಂಬಿದ್ದ ಅಚ್ಚುಕಟ್ಟಾದ ಬಿಳಿ ಮಚ್ಚೆಯ ಕೆಳಗೆ, ಕಪ್ಪು ನೆರಳು ಬೇರಿನವರೆಗೂ ಇಳಿದಿತ್ತು.

ಅವಳು ತಡಮಾಡಲಿಲ್ಲ. ತಾನೇ ಫೋನ್ ಮಾಡಿ, ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಹಲ್ಲು ಕಿತ್ತು, ಕುತ್ತಿಗೆ ಕೊಯ್ದು ಕೀವು ಹರಿಸಿದರು. ಉಸಿರು ನಿಲ್ಲಬಾರದೆಂದು ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟರು. ಅವಳು ನೋಡಲು ಹೋದಾಗ ಆ ದೊಡ್ಡ ಮೈ ಹಾಸಿಗೆಯಲ್ಲಿ ಕಣ್ಣುಮುಚ್ಚಿ ಬಿದ್ದಿತ್ತು. ಜೀವದ ಬಗ್ಗೆ ಇನ್ನೂ ಏನನ್ನೂ ಹೇಳುವ ಹಾಗಿರಲಿಲ್ಲ. ಹೆಂಡತಿ ಎದ್ದು ನಿಂತು ಅವಳ ಎರಡೂ ಕೈ ಹಿಡಿದುಕೊಂಡಳು.

“ನೀವು ಅವತ್ತೇ ಕಳಿಸದೇ ಇದ್ದಿದ್ರೆ ದಾರೀಲೇ ಹೋಗಿಬಿಡ್ತಿದ್ರು ಅಂತ ಇಲ್ಲಿಯ ಡಾಕ್ಟ್ರು ಹೇಳಿದ್ರು. ಈ ಕೈಗಳಿಗೆ ಎಷ್ಟು ನಮಸ್ಕಾರ ಮಾಡಿದ್ರೂ ಸಾಲದು ಮೇಡಂ.”

ಆ ಹೆಂಗಸು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂಬುದು ದಂತವೈದ್ಯೆಯ ಕಣ್ಣಿಗೆ ಕಂಡಿತು, ಬೆರಳಿಗೆ ಗೊತ್ತಾಗಲಿಲ್ಲ. ಅವಳು ಏನೂ ಹೇಳದೆ ಬಂದಳು.

ದಾರಿಯುದ್ದಕ್ಕೂ ತನ್ನೊಡನೆ ತಾನೇ ವಾದ ಮಾಡಿದಳು. ವಾದ ಮಾಡುವುದರಲ್ಲಿ ಅವಳು ಗಟ್ಟಿಗಿತ್ತಿ. ತುಂಬಿದ ಹಲ್ಲಿನಡಿ ಹುಳುಕು ಮತ್ತೆ ಬರುವುದು ಯಾರ ಕೈಯಲ್ಲೂ ಆಗುವಂಥದ್ದು. ಒಂದು ಹಲ್ಲಿನಿಂದ ಏನನ್ನೂ ಸಾಧಿಸಿದ ಹಾಗಾಗುವುದಿಲ್ಲ. ಇನ್ನೊಂದು ವರ್ಷ ಕಳೆದರೆ ನರ ಚಿಗುರಬಹುದು. ಕ್ಲಿನಿಕ್ಕು ಮುಚ್ಚಿದರೆ ಆ ಒಂದು ವರ್ಷ ಏನು ಮಾಡಲಿ, ಮನೆಯ ಗೋಡೆ ನೋಡುತ್ತ ಕೂತಿರಲೇ? ಪ್ರತಿಯೊಂದು ವಾದವೂ ಸರಿಯಾಗಿಯೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಅವಳು ಮಾತ್ರ ಕನ್ನಡಿಯ ಮೇಲೆ ಕನ್ನಡಿ ತಂದು ಹುಣ್ಣಿಲ್ಲವೆಂದು ನೋಡಿಕೊಂಡಳು. ಮರುದಿನ ಮತ್ತೆ ಪೆಡಲ್ ಒತ್ತಿದಳು.

ಅವಳು ಅಕ್ಕನ ಜೊತೆ ಇದ್ದಳು. ಅಮ್ಮ ಹೋದ ಮೇಲೆ ಅವಳನ್ನು ಸಾಕಿದವಳು ಈ ಅಕ್ಕನೇ. ಕಾಯಿಲೆಯಲ್ಲಿ ಬೇಸಿನ್ ಹಿಡಿದವಳೂ ಅವಳೇ. ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕತ್ತರಿ ಕೈಗೆ ಸಿಗುವ ದೂರದಲ್ಲೇ ಇದ್ದರೂ ದಾರವನ್ನು ಬಾಯಿಂದ ಕಡಿಯುವುದು ಅವಳ ಅಭ್ಯಾಸ. ನಲವತ್ತು ವರ್ಷ ದಾರ ಕಡಿದು ಮೇಲಿನ ಬಾಚಿಹಲ್ಲಿನ ಅಂಚಿನಲ್ಲಿ ಒಂದು ಪುಟ್ಟ ಕಚ್ಚು ಬಿದ್ದಿತ್ತು. ತಂಗಿ ಎಷ್ಟೋ ಸಲ ಬಾ, ಸರಿಮಾಡುತ್ತೇನೆ ಎಂದು ಕರೆದಿದ್ದಳು. “ನಿನ್ನ ಕುರ್ಚಿ ಮೇಲೆ ಕೂರೋ ಬದಲು ಹೆಣದ ಚಟ್ಟದ ಮೇಲೆ ಮಲಗ್ತೀನಿ,” ಎಂದು ಅಕ್ಕ ಓಡಿಹೋಗುತ್ತಿದ್ದಳು. ಹಲ್ಲಿನ ವಿಷಯದಲ್ಲಿ ಅಕ್ಕನದು ಅಂಥ ಪುಕ್ಕಲು.

ಆಸ್ಪತ್ರೆಗೆ ಹೋಗಿ ಬಂದು ಎರಡು ಮೂರು ದಿನವಾಗಿತ್ತು. ಸಂಜೆ ಅಕ್ಕ ತಂಗಿಯ ಬಿಳಿ ಕೋಟನ್ನು ಅವಳ ಮೈಮೇಲೇ ಚಿಕ್ಕದು ಮಾಡುತ್ತಿದ್ದಳು. ಕಾಯಿಲೆಯಲ್ಲಿ ಇಳಿದ ಮೈ ಇನ್ನೂ ತುಂಬಿರಲಿಲ್ಲ. ಅಕ್ಕನ ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನುಗಳು.

“ಅಲುಗಬೇಡ ಇಲಿ,” ಎಂದಳು ಪಿನ್ನುಗಳ ಸಂದಿಯಿಂದ. ಪೆನ್ಸಿಲ್ ಕಡಿಯುತ್ತಿದ್ದ ಮಗುವಿಗೆ ಇಟ್ಟ ಹೆಸರು ಈಗಲೂ ಹೋಗಿರಲಿಲ್ಲ. “ಈ ಮಡಿಕೆ ಸ್ವಲ್ಪ ಹಿಡ್ಕೋ. ಗಟ್ಟಿಯಾಗಿ.”

ತಂಗಿ ಸೊಂಟದ ಹತ್ತಿರ ಬಟ್ಟೆಯ ಮಡಿಕೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದುಕೊಂಡು, ರೇಡಿಯೋ ಅವತ್ತು ಹೇಳಿದ ಜೋಕೊಂದನ್ನು ಹೇಳುತ್ತಿದ್ದಳು. ಅಕ್ಕ ಪಿನ್ನು ಚುಚ್ಚಿದಳು. ಜೋಕು ಮುಂದುವರಿಯಿತು. ಅಕ್ಕ ನಗುತ್ತ ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು. ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಎದ್ದು ಅಗಲವಾಗುತ್ತಿತ್ತು. ಪಿನ್ನು ಮಡಿಕೆಯನ್ನು ದಾಟಿ ತಂಗಿಯ ಹೆಬ್ಬೆರಳಿನ ಒಳಗೆ ಅರ್ಧ ಹೋಗಿತ್ತು. ಅವಳು ಇನ್ನೂ ಮಾತಾಡುತ್ತಲೇ ಇದ್ದಳು.

ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

“ನೋವಾಗ್ತಿಲ್ವೇನೇ?”

ತಂಗಿ ಕೆಳಗೆ ನೋಡಿದಳು. ಆಗ ಕೈ ಎಳೆದುಕೊಂಡಳು, ಪಿನ್ನು ಬೆರಳಿನ ಜೊತೆಗೇ ಬಂತು. ನೋವಿಗಲ್ಲ, ಸಿಕ್ಕಿಬಿದ್ದದ್ದಕ್ಕೆ.

“ಜೋಮು ಅಕ್ಕ. ಔಷಧಿಯದ್ದು. ಹೋಗುತ್ತೆ.”

“ಯಾವಾಗಿಂದ?”

ತಂಗಿ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

“ಯಾವಾಗಿಂದ ಅಂತ ಕೇಳಿದೆ.”

“ಮೊದಲಿಂದ. ಆಸ್ಪತ್ರೆಯಿಂದ.”

ಅಕ್ಕ ಅವಳ ಕೈಯನ್ನು ದೀಪದ ಕೆಳಗೆ ಎಳೆದುಕೊಂಡು ಪಿನ್ನು ಕಿತ್ತಳು. ಇನ್ನೊಂದು ಬೆರಳಿನ ತುದಿಯನ್ನು ಉಗುರಿನಿಂದ ಚಿವುಟಿದಳು. ತಂಗಿಯ ಮುಖ ನೋಡಿದಳು. ಮತ್ತೊಂದನ್ನು ಚಿವುಟಿದಳು.

“ಈ ಕೈಯಲ್ಲಿ ಜನರ ಬಾಯಿಗೆ ಕೈ ಹಾಕ್ತಿದ್ದೀಯಾ?”

“ಅದಕ್ಕೇ ಗಾಳಿ ಮಿಷನ್ ತಂದಿದ್ದು. ಅದಕ್ಕೆ ಸ್ಪರ್ಶ ಬೇಡ. ಕಣ್ಣು ಸಾಕು. ನಿಂಗೆ ಅರ್ಥ ಆಗಲ್ಲ ಅಕ್ಕ, ಅದರ ವಿಜ್ಞಾನವೇ ಬೇರೆ.”

“ಅಯ್ಯೋ, ನಾನು ಓದಿದವಳಲ್ಲ ಬಿಡು. ಹಾಗಾದ್ರೆ ಆ ಡ್ರೈವರ್? ನೋಡ್ಕೊಂಡು ಬಂದಾಗಿಂದ ನೀನು ಒಂದು ತುತ್ತು ಸರಿಯಾಗಿ ನುಂಗಿಲ್ಲ. ಅದು ಯಾವ ವಿಜ್ಞಾನ?”

ತಂಗಿಯ ದನಿ ಏರಿತು. “ಇದೂ ಇಲ್ದಿದ್ರೆ ನಂಗೆ ಏನಿದೆ ಹೇಳು? ಯಾತಕ್ಕೆ ಬದುಕಿಸಿದೆ ನನ್ನ? ಇಲ್ಲಿ ಕೂತು ನಿನ್ನ ಅಂಗಡೀಲಿ ಗುಂಡಿ ಹೊಲೀಲಾ? ಅದಕ್ಕೂ ಈ ಬೆರಳು ಬರಲ್ಲ!”

ಅಕ್ಕ ಅತ್ತುಬಿಡುತ್ತಾಳೆ ಎಂದು ತಂಗಿ ಅಂದುಕೊಂಡಳು. ಅಕ್ಕ ಅಳಲಿಲ್ಲ. ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿ ದಾರದಿಂದ ಗಂಟು ಹಾಕಿದಳು, ದಾರವನ್ನು ಹಲ್ಲಿನಲ್ಲಿ ಕಡಿದಳು.

“ಆಯ್ತು. ಬೆಳಿಗ್ಗೆ ನಾನು ಬರ್ತೀನಿ. ಈ ಹಲ್ಲು ಸರಿಮಾಡು,” ಎಂದು ಆ ಕಚ್ಚು ಬಿದ್ದ ಬಾಚಿಹಲ್ಲು ತೋರಿಸಿದಳು. “ನಿನ್ನ ಗಾಳಿಯಲ್ಲೇ. ನಿನ್ನ ಕೈ ಏನಾಗಿದೆ ಅಂತ ಗೊತ್ತಿದ್ದೂ ನಾನು ಬಾಯಿ ತೆಗೀತೀನಿ. ನೀನೂ ಗೊತ್ತಿದ್ದೂ ಮಾಡು. ಮಾಡಿದ್ರೆ ಆಮೇಲೆ ನಾನು ಒಂದು ಮಾತು ಆಡಲ್ಲ. ಊರವರ ಹಲ್ಲೆಲ್ಲ ನಿಂದೇ.”

“ಹುಚ್ಚು ಹಿಡಿದಿದೆಯಾ ನಿಂಗೆ?”

“ಯಾಕೆ? ಅವರ ಬಾಯಿಗಾದ್ರೆ ಆಗುತ್ತೆ, ನನ್ನ ಬಾಯಿಗೆ ಆಗಲ್ವಾ?”

ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಅಕ್ಕ ಕುರ್ಚಿಯ ಎರಡೂ ತೋಳುಗಳನ್ನು ಹಿಡಿದು ಕೂತಿದ್ದಳು. ರೇಡಿಯೋಗೆ ಏನೂ ಗೊತ್ತಿರಲಿಲ್ಲ, ಅವಳಿಗೆ ಹಬ್ಬದ ಹಾಗಾಗಿತ್ತು. “ಕೊನೆಗೂ ಬಂದ್ರಾ ದೊಡ್ಡಮ್ಮ! ನಿಮ್ಮನ್ನ ಈ ಕುರ್ಚಿ ಮೇಲೆ ನೋಡೋಕೆ ನಾನು ಹರಕೆ ಹೊರೋದೊಂದು ಬಾಕಿ ಇತ್ತು. ಬಾಯಿ ತೆಗೀರಿ. ಅಯ್ಯೋ, ಇದೇನು, ಸೂಜಿಗೆ ದಾರ ಹಾಕೋ ತೂತಾ? ಇನ್ನೂ ಸ್ವಲ್ಪ.”

ಅಕ್ಕ ಕಣ್ಣು ಮುಚ್ಚಿ ಬಾಯಿ ತೆಗೆದಳು.

ಹೀಗೆ ಬಾಯಿ ತೆಗೆದದ್ದನ್ನು ನೋಡಿದಾಗ ದಂತವೈದ್ಯೆ ಕೆಲಸ ಕೈಬಿಡಬಹುದಿತ್ತು. ಒಂದು ಕ್ಷಣ ಹಾಗೆಯೇ ಅನ್ನಿಸಿತು. ಆದರೆ ಕೈಬಿಟ್ಟರೆ ಸೋತ ಹಾಗೆ. ಮಾಡಿ ತೋರಿಸಿದರೆ ಅಕ್ಕನ ಬಾಯಿ ಮಾತ್ರವಲ್ಲ, ತನ್ನೊಳಗಿನ ಬಾಯಿಯೂ ಮುಚ್ಚುತ್ತದೆ. ಕೆಲಸ ಬಹಳ ಸಣ್ಣದು. ಮುಂದಿನ ಹಲ್ಲು, ಕನ್ನಡಿಯ ಹಂಗಿಲ್ಲ, ಎದುರಿಗೇ ಕಾಣುತ್ತದೆ. ಕಚ್ಚಿನೊಳಗಿನ ಕಂದು ಕಲೆ ಹಾರಿಸಿ, ಮೇಲ್ಮೈಯನ್ನು ಒರಟು ಮಾಡಿ, ಬಿಳಿ ಔಷಧಿ ತುಂಬಿದರೆ ಮುಗಿಯಿತು. ಇದನ್ನು ನಾನು ಮಾಡಬಲ್ಲೆ ಎಂದುಕೊಂಡಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡುತ್ತೇನೆ.

ಪಕ್ಕದ ಹಲ್ಲಿಗೆ ಪುಡಿ ತಾಗಬಾರದೆಂದು ಎರಡು ಹಲ್ಲುಗಳ ಸಂದಿಗೆ ಕಾಗದಕ್ಕಿಂತ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಇಳಿಸಬೇಕು. ಅದು ಸಂದಿಯಲ್ಲಿ ಕೂತಾಗ ಬೆರಳಿಗೆ ಒಂದು ಸಣ್ಣ ಬಿಗಿ ಸಿಗುತ್ತದೆ. ಅವಳು ಇಳಿಸಿದಳು. ಕೂತಂತೆ ಕಂಡಿತು. ಕನ್ನಡಕ ಹಾಕಿಕೊಂಡಳು, ಪೆಡಲ್ ಒತ್ತಿದಳು. ಹಿಸ್ ಎಂಬ ಸದ್ದು, ಬಿಳಿ ಹೊಗೆ. ರೇಡಿಯೋ ಸಕ್ಷನ್ ಹಿಡಿದು, “ಆಯ್ತು ಆಯ್ತು, ದೊಡ್ಡಮ್ಮ, ಆಯ್ತು,” ಎನ್ನುತ್ತಿದ್ದಳು. ದಂತವೈದ್ಯೆ ಎಡಗೈಯಲ್ಲಿ ಪಟ್ಟಿಯ ತುದಿ ಹಿಡಿದೇ ಇದ್ದಳು, ಎಂದರೆ ಹಿಡಿದಿದ್ದೇನೆ ಎಂದುಕೊಂಡಿದ್ದಳು. ಎಡಗೈ ಬೆರಳೂ ಬಲಗೈಗಿಂತ ಉತ್ತಮವೇನಾಗಿರಲಿಲ್ಲ.

ಗಾಳಿ ನಿಲ್ಲಿಸಿದಾಗ ಪಟ್ಟಿ ಅಕ್ಕನ ನಾಲಿಗೆಯ ಮೇಲೆ ಬಿದ್ದಿತ್ತು. ಯಾವಾಗ ಜಾರಿತೋ ಅವಳಿಗೆ ತಿಳಿದಿರಲಿಲ್ಲ.

ನೀರು ಬಿಟ್ಟು ತೊಳೆದಳು. ಪುಡಿ ಹೋಯಿತು, ಎರಡೂ ಹಲ್ಲು ಹೊಳೆದವು. ಸರಿಯಾಗಿಯೇ ಇದ್ದ ಹಾಗೆ ಕಂಡಿತು. ಆದರೆ ಅವಳು ಓದಿದವಳು. ಒದ್ದೆ ಎನಾಮೆಲ್ ಯಾವಾಗಲೂ ಹೊಳೆಯುತ್ತದೆ. ತರಚಿದ ಗಾಜಿನ ಮೇಲೆ ನೀರು ಸುರಿದರೆ ತರಚು ಕಾಣುವುದಿಲ್ಲವಲ್ಲ, ಹಾಗೆ. ಬಾಯೊಳಗಿನ ಹಲ್ಲು ಸದಾ ಒದ್ದೆಯೇ ಇರುತ್ತದೆ. ಅಕ್ಕನಿಗೆ ಈಗ ಕನ್ನಡಿ ಕೊಟ್ಟರೆ ಅಕ್ಕ ಏನನ್ನೂ ಕಾಣುವುದಿಲ್ಲ. ರೇಡಿಯೋ ಕಾಣುವುದಿಲ್ಲ. ಕಚ್ಚು ತುಂಬಿ ಕಳಿಸಿದರೆ ಆಟ ಮುಗಿಯಿತು, ತಾನೇ ಗೆದ್ದ ಹಾಗೆ. ಪಟ್ಟಿಯನ್ನು ಅವಳು ಆಗಲೇ ಎತ್ತಿ ತಟ್ಟೆಗೆ ಹಾಕಿದ್ದಳು.

“ಗಟ್ಟಿ ಇದೆಯಾ ಮೇಡಂ? ಕಲಸಲಾ?” ಎಂದಳು ರೇಡಿಯೋ.

ದಂತವೈದ್ಯೆ ಬರೀ ಗಾಳಿಯ ಪಿಚಕಾರಿ ತೆಗೆದುಕೊಂಡು ಹಲ್ಲುಗಳನ್ನು ಒಣಗಿಸಿದಳು. ಕಚ್ಚು ಬಿದ್ದ ಹಲ್ಲು ಬೇಕಾದಷ್ಟೇ ಮಂಜಾಗಿತ್ತು. ಅದರ ಪಕ್ಕದ, ಏನೂ ಆಗದೆ ಐವತ್ತು ವರ್ಷ ಉಳಿದುಬಂದಿದ್ದ ಹಲ್ಲಿನ ಬದಿಯಲ್ಲಿ ಸೀಮೆಸುಣ್ಣದಂತಹ ಬಿಳಿ ಮಚ್ಚೆ ನಿಧಾನವಾಗಿ ಎದ್ದು ಬಂತು. ಅಂಚಿನ ಹತ್ತಿರ ಅದು ಬರೀ ಮಚ್ಚೆಯಲ್ಲ, ಗುಳಿ. ಗುಳಿಯ ತಳದಲ್ಲಿ ಎನಾಮೆಲ್ ಮುಗಿದು ಒಳಗಿನ ಹಳದಿ ಇಣುಕುತ್ತಿತ್ತು. ಪಿಚಕಾರಿಯ ತಂಪು ತಾಗಿ ಅಕ್ಕ ಜುಮ್ಮೆಂದು ತಲೆ ಹಿಂದಕ್ಕೆ ಎಳೆದುಕೊಂಡಳು.

“ಆಯ್ತಾ?” ಎಂದಳು ಕಣ್ಣು ಬಿಟ್ಟು.

“ಅಕ್ಕ, ನಾನು ಪಕ್ಕದ ಹಲ್ಲನ್ನೂ ಕಡಿದುಬಿಟ್ಟೆ.”

ರೇಡಿಯೋ ನಕ್ಕಳು, ಆಮೇಲೆ ಮೇಡಂ ಮುಖ ನೋಡಿ ನಗು ನಿಲ್ಲಿಸಿದಳು. ಅಕ್ಕ ನಾಲಿಗೆಯ ತುದಿಯಿಂದ ಹಲ್ಲನ್ನು ಸವರಿದಳು, ಎರಡು ಮೂರು ಸಲ.

“ಹೌದು. ಒರಟಾಗಿದೆ. ಮತ್ತೆ ಬೆಳೆಯುತ್ತಾ?”

“ಇಲ್ಲ.”

“ಉಗುರಿನ ಹಾಗೆ?”

“ಇಲ್ಲ ಅಕ್ಕ. ಎನಾಮೆಲ್ ಮಾಡೋ ಜೀವಕೋಶಗಳು ಹಲ್ಲು ಹೊರಗೆ ಬರೋ ಹೊತ್ತಿಗೇ ಸತ್ತುಹೋಗಿರ್ತವೆ. ಹೋದದ್ದು ಹೋಯ್ತು. ಮೇಲೆ ಏನಾದ್ರೂ ಮೆತ್ತಬಹುದು, ಅಷ್ಟೇ.”

ಅಕ್ಕ ಗೆದ್ದವಳ ಹಾಗೇನೂ ಇರಲಿಲ್ಲ. ಬಾಯಿ ಮುಚ್ಚಿ, ಮುಚ್ಚಿದ ತುಟಿಯ ಒಳಗೇ ನಾಲಿಗೆ ಆಡಿಸುತ್ತಿದ್ದಳು. ಕೊನೆಗೆ, “ನೀನು ಕೈಬಿಡ್ತೀಯ ಅಂದ್ಕೊಂಡಿದ್ದೆ. ನನ್ನ ಬಾಯಿ ಅಂತಾದ್ರೂ,” ಎಂದಳು. ಇಲಿ ಎನ್ನಲಿಲ್ಲ.

ತಂಗಿ ಕನ್ನಡಕ ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅವಳು ರೇಡಿಯೋ ಕಡೆ ತಿರುಗಿದಳು. ಬೆರಳಿನ ವಿಷಯ ಹೇಳಿದಳು. ಆಸ್ಪತ್ರೆಯಿಂದ ಬಂದಾಗಿನಿಂದ ಕೊಕ್ಕೆ ತನಗೆ ಒಂದು ಹಲ್ಲಿನ ಸುದ್ದಿಯನ್ನೂ ಹೇಳಿಲ್ಲ, ಗಟ್ಟಿ ಇದೆ ಎಂದದ್ದೆಲ್ಲ ಬರೀ ಬಾಯಿಮಾತು ಎಂದಳು. ರೇಡಿಯೋ ಸಕ್ಷನ್ ಕೊಳವೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಅದು ಯಾರ ಬಾಯಲ್ಲೂ ಇಲ್ಲದೆ ಸುಮ್ಮನೆ ಗಾಳಿ ಎಳೆಯುತ್ತಿತ್ತು.

“ಎಲ್ಲಾನೂ ನಾನೇ ಕಲಸಿದ್ದು ಮೇಡಂ,” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

“ನಿಂದೇನೂ ತಪ್ಪಿಲ್ಲ. ಆಗಿನಿಂದ ಇಲ್ಲಿ ಹಲ್ಲು ತುಂಬಿಸಿಕೊಂಡವರಿಗೆಲ್ಲ ಫೋನ್ ಮಾಡಬೇಕು. ತುಂಬಿದ್ದನ್ನ ಬೇರೆ ಡಾಕ್ಟ್ರ ಹತ್ರ ತೆಗೆಸಿ ನೋಡಿಸ್ಬೇಕು ಅಂತ.”

“ಯಾಕೆ ಅಂತ ಕೇಳಿದ್ರೆ?”

“ಈಗ ನಿಂಗೆ ಹೇಳಿದ್ನಲ್ಲ, ಅದನ್ನೇ ಹೇಳು.”

ಹೊರಗೆ ಬೆಂಚಿನ ಮೇಲೆ ಆಗಲೇ ಜನ ಕೂತಿದ್ದರು. ಕೆನ್ನೆಗೆ ಕೈ ಕೊಟ್ಟುಕೊಂಡ ಮುದುಕ, ಮಗಳ ಜೊತೆ ಬಂದ ಒಬ್ಬ ತಾಯಿ. ಮುದುಕ ತನ್ನ ಸರದಿ ಎಂದು ಎದ್ದು ನಿಂತ. ಇವತ್ತಿನಿಂದ ತಾನು ಯಾರ ಹಲ್ಲನ್ನೂ ಮುಟ್ಟುವುದಿಲ್ಲ ಎಂದು ದಂತವೈದ್ಯೆ ಹೇಳಿದಳು, ಯಾಕೆಂದೂ ಹೇಳಿದಳು. ಮುದುಕನಿಗೆ ಕಿವಿ ಮಂದ, ಅವನಿಗೆ ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಆ ತಾಯಿಯ ಮಗಳಿಗೆ ಕಳೆದ ತಿಂಗಳು ಎರಡು ದವಡೆ ಹಲ್ಲು ತುಂಬಲಾಗಿತ್ತು. “ನೋವೇನೂ ಇಲ್ವಲ್ಲ ಡಾಕ್ಟ್ರೇ, ಚೆನ್ನಾಗೇ ಇದಾಳೆ. ಸುಮ್ನೆ ತೋರಿಸ್ಕೊಂಡು ಹೋಗೋಣ ಅಂತ ಬಂದ್ವಿ,” ಎಂದಳು ಆ ತಾಯಿ.

“ಒಳಗೆ ಹುಳುಕು ಉಳಿದಿದ್ರೆ ಈಗ ಗೊತ್ತಾಗಲ್ಲ ಅಮ್ಮ. ನೋವು ಬರೋ ಹೊತ್ತಿಗೆ ತಡ ಆಗಿರುತ್ತೆ.”

ತಾಯಿ ಮಗುವಿನ ಗಲ್ಲ ಹಿಡಿದು ಬಾಯಿ ತೆಗೆಸಿದಳು. ತನ್ನ ಬೆರಳನ್ನು ಒಳಗೆ ಹಾಕಿ, ತುಂಬಿದ ಹಲ್ಲಿನ ಮೇಲೆ ಉಜ್ಜಿ ನೋಡಿದಳು. ಆಮೇಲೆ ಮಗುವನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ಬಾಗಿಲು ತೆಗೆದುಕೊಂಡು ಹೊರಟುಹೋದಳು.

ಒಳಗೆ ರೇಡಿಯೋ ಫೋನಿನಲ್ಲಿ ಯಾರಿಗೋ ಹೇಳುತ್ತಿರುವುದು ಕೇಳಿಸುತ್ತಿತ್ತು. ಮಾತು ಅಲ್ಲಲ್ಲಿ ಕಡಿಯುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಅಕ್ಕ ತುಟಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದಳು.

“ಮನೆಗೆ ಹೋಗೋಣ ಬಾ.”

“ನೀನು ಹೋಗಿರು. ನಾನು ಆಸ್ಪತ್ರೆಗೆ ಹೋಗಬೇಕು. ಡ್ರೈವರನ ಹೆಂಡತಿಗೆ ಫೋನಲ್ಲಿ ಹೇಳೋ ಮಾತಲ್ಲ ಇದು.”

ಅಕ್ಕ ಅವಳ ಜೊತೆ ಬರುತ್ತೇನೆಂದು ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ. ದಂತವೈದ್ಯೆ ಒಬ್ಬಳೇ ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ಸಿಗಾಗಿ ನಿಂತಳು.